ರೂಪಾ, ಮೋಡದ ಬ್ಯಾಡ್ಜ್ ಬಗ್ಗೆ ಕೇಳಿದ್ಯಲ್ಲ

ರೂಪಾ, ನಿನ್ನೆ ನೀನು ಗ್ರೂಪಲ್ಲಿ ಹಾಕಿದ್ದು ನೋಡ್ದೆ ಕಣೇ, ಆಗ ಇಲ್ಲಿ ಬೆಳಗಿನ ಗಡಿಬಿಡಿ, ಡಬ್ಬಿ ಕಟ್ಟೋದ್ರಲ್ಲಿದ್ದೆ. ಶಿವಮೊಗ್ಗದಲ್ಲಿ ನಿಮ್ಮ ಸ್ಕೂಲಿನವ್ರು ನಿನ್ನ ಬುಲ್‌ಬುಲ್ (ಸ್ಕೌಟ್ಸ್ ಗೈಡ್ಸಿನ ಚಿಕ್ಕ ಹುಡ್ಗೀರ ಗುಂಪು) ಫ್ಲಾಕ್ ಲೀಡರ್ ಮಾಡಿ ಕೂರ್ಸಿದಾರೆ, ಮಕ್ಳಿಗೆ ಮೋಡ ಮಳೆ ಬಗ್ಗೆ ಏನಾದ್ರೂ ಮಾಡ್ಸಬೇಕು, ಅಕ್ಕಾ ನಿನ್ನ ಮಗ ಟೆಕ್ಸಾಸಲ್ಲಿ ಸ್ಕೌಟ್ಸಿಂದ ವೆದರ್ ಬ್ಯಾಡ್ಜ್ ತಗೊಂಡಿದಾನಲ್ಲ ಅದರ ಪಿಡಿಎಫ್ ಕಳ್ಸು ಅಂದಿದೀಯ. ವಾಯ್ಸ್ ಮೆಸೇಜ್ ಹಾಕೋಣ ಅಂತಿದ್ದೆ, ಆದ್ರೆ ಅದು ಹತ್ತು ನಿಮಿಷ ಆಗತ್ತೆ, ಅಪ್ಪಂಗೆ ಫೋನಲ್ಲಿ ಸರಿಯಾಗಿ ಕೇಳ್ಸೋದೂ ಇಲ್ಲ, ಅದಕ್ಕೇ ಮಾತಾಡ್ದಂಗೇ ಟೈಪ್ ಮಾಡ್ತಿದೀನಿ, ಕಾಫಿ ಹಿಡ್ಕೊಂಡು ಕೂತು ಓದು.

ಪಿಡಿಎಫ್ ಕಳಿಸ್ತೀನಿ, ಅದೇನ್ ದೊಡ್ಡ ವಿಷ್ಯ ಅಲ್ಲ. ಆದ್ರೆ ಮಾರಾಯ್ತಿ ಅದ್ರಿಂದ ಶುರು ಮಾಡ್ಬೇಡ. ನಾವು ಹಂಗೇ ಶುರು ಮಾಡಿ ಪೇಚಿಗೆ ಬಿದ್ದಿದ್ದು. ಇಲ್ಲಿ ಮೆರಿಟ್ ಬ್ಯಾಡ್ಜಿಗೆ ಒಂದೇ ದಿನದ ಕ್ಲಾಸ್ ಮಾಡೋರು ಇದಾರೆ, ಶನಿವಾರ ಬೆಳಿಗ್ಗೆ ಬಿಟ್ರೆ ಸಂಜೆ ಕರ್ಕೊಂಡ್ಬರೋದು. ಒಂದು ಹಾಲಲ್ಲಿ ನಲವತ್ತು ಮಕ್ಳು, ಕಿಟಕಿಗೆಲ್ಲ ಪರದೆ, ಮುಂದೆ ಸ್ಲೈಡು, ಕೈಯಲ್ಲಿ ವರ್ಕ್‌ಶೀಟು. ಗಾಳಿ ಯಾಕೆ ಬೀಸತ್ತೆ, ಆಲಿಕಲ್ಲು ಹೆಂಗಾಗತ್ತೆ, ಮೇಲಿನ ಮೋಡ ನಡುವಿನ ಮೋಡ ಕೆಳಗಿನ ಮೋಡ ಯಾವ್ಯಾವ್ದು ಅಂತ ನನ್ಮಗ ಎಲ್ಲಾ ತುಂಬಿದಾನೆ, ಅಕ್ಷರನೂ ಚೆನಾಗಿದೆ. ವಾಪಸ್ ಬರ್ತಾ ಹೈವೇಲಿ ಎದುರಿಗೇ ಗುಡ್ಡದಷ್ಟು ದೊಡ್ಡ ಮೋಡ ಎದ್ದಿತ್ತು, ನಾನು ಖುಷಿಯಾಗಿ ಅದ್ಯಾವ ಮೋಡ ಹೇಳೋ ಅಂದೆ. ಫೋನಿಂದ ತಲೆ ಎತ್ತಿ ಒಂದ್ಸಲ ನೋಡಿ "ವೈಟ್ ಕ್ಲೌಡ್ ಅಮ್ಮಾ" ಅಂದ ಕಣೇ! ಬೆಳಿಗ್ಗೆಯಿಂದ ಸಂಜೆವರೆಗೆ ಮೋಡದ ಬಗ್ಗೆನೇ ಕಲ್ತು ಬಂದ ಹುಡ್ಗ.

ಪುಣ್ಯಕ್ಕೆ ಬ್ಯಾಡ್ಜ್ ಅವತ್ತೇ ಪೂರ್ತಿ ಆಗ್ಲಿಲ್ಲ. ಯಾಕಂದ್ರೆ ಅದ್ರಲ್ಲಿ ಒಂದು ಕೆಲ್ಸ ಹಾಲಲ್ಲಿ ಕೂತು ಮಾಡಕ್ಕಾಗಲ್ಲ. ಗಾಳಿ ದಿಕ್ಕು ತೋರ್ಸೋದೋ ಮಳೆ ಅಳೆಯೋದೋ ಏನೋ ಒಂದು ಉಪಕರಣ ಕೈಯಾರೆ ಮಾಡ್ಬೇಕು, ಒಂದು ವಾರ ದಿನಾ ಒಂದೇ ಟೈಮಿಗೆ ಹೊರಗೆ ಹೋಗಿ ಗಾಳಿ, ಬಿಸಿಲಿನ ಡಿಗ್ರಿ, ಮಳೆ, ಮೋಡದ ಜಾತಿ, ಬೆಳಿಗ್ಗೆ ಇಬ್ಬನಿ ಬಿದ್ದಿತ್ತಾ ಇಲ್ವಾ ಎಲ್ಲಾ ಬರೀಬೇಕು, ಪಕ್ಕದಲ್ಲಿ ಅವತ್ತಿನ ಮುನ್ಸೂಚನೆ ಏನಿತ್ತು ಅಂತ ಬರ್ದು, ಕೊನೆಗೆ ನಿಜವಾಗಿ ಏನಾಯ್ತು ಅಂತನೂ ಬರೀಬೇಕು. ಇಡೀ ಬ್ಯಾಡ್ಜಲ್ಲಿ ಚಿನ್ನದಂಥ ಭಾಗ ಅಂದ್ರೆ ಇದೊಂದೇ ನನ್ನ ಕೇಳಿದ್ರೆ. ನಿಂಗೆ ಬೇರೇನೂ ಮಾಡ್ಸಕ್ಕಾಗದಿದ್ರೂ ಪರ್ವಾಗಿಲ್ಲ, ಇದೊಂದು ಮಾಡ್ಸು.

ಇವ್ನು ಮೊದಲ್ನೇ ದಿನ ಬರ್ದಿದ್ದು "ಮೋಡ ಇದೆ". ಎರಡ್ನೇ ದಿನ "ಮೋಡ ಇಲ್ಲ". ಮೂರ್ನೇ ದಿನ ಟೀವಿಲಿ 60 ಪರ್ಸೆಂಟ್ ಮಳೆ ಅಂದಿದ್ರು, ಒಂದು ಹನಿ ಬೀಳ್ಲಿಲ್ಲ, ಇವ್ನಿಗೆ ಕೋಪ, ಸುಳ್ಳು ಹೇಳ್ತಾರೆ ಅಂತ ದೊಡ್ಡದಾಗಿ ಬರ್ದ. ಅಲ್ಲಿಂದ ಶುರುವಾಯ್ತು ನೋಡು ಪ್ರಶ್ನೆಗಳು. ಇಂಥ ದಿನ ಹತ್ತು ಬಂದ್ರೆ ಅದ್ರಲ್ಲಿ ಆರು ದಿನ ನಮ್ಮ ಜಾಗದಲ್ಲಿ ಮಳೆ ಬೀಳತ್ತೆ, ನಾಲ್ಕು ದಿನ ಇಲ್ಲ, ಇವತ್ತು ಆ ನಾಲ್ಕರಲ್ಲಿ ಒಂದು ಕಣೋ ಅಂತ ಅವ್ರಪ್ಪ ಹೇಳಿದ್ಮೇಲೆ ಸ್ವಲ್ಪ ತಣ್ಣಗಾದ. ಆಮೇಲೆ ಟೀವಿ ನೋಡೋಕೆ ಮುಂಚೆ ತಾನೇ ಆಕಾಶ ನೋಡಿ ಇವತ್ತು ಬರತ್ತೆ, ಬರಲ್ಲ ಅಂತ ಬರ್ಯಕ್ಕೆ ಶುರು ಮಾಡ್ದ. ಒಂದು ವಾರ ಸಾಕಿತ್ತು, ಐದು ವಾರ ಬರ್ದ. ಗೆದ್ದಿದ್ದು ಟೀವಿನೇ ಅನ್ನು, ಆದ್ರೂ.

ಮಳೆ ಅಳೆಯೋದನ್ನ ನಿಮ್ಮ ಮಕ್ಳೂ ಮಾಡ್ಬಹುದು. ದೊಡ್ಡ ನೀರಿನ ಬಾಟ್ಲಿ, ಮೈ ನೇರ ಇರೋದು, ಮೇಲ್ಭಾಗ ಕತ್ತರಿಸಿ ಅದನ್ನೇ ತಲೆಕೆಳಗೆ ಮಾಡಿ ಆಲಿಕೆ ತರ ಕೂರ್ಸೋದು. ತಳ ಉಬ್ಬುತಗ್ಗು ಇರತ್ತಲ್ಲ, ಅದಕ್ಕೆ ನಾಲ್ಕು ಕಲ್ಲು ಹಾಕಿ ನೇರ ಭಾಗ ಶುರುವಾಗೋ ತನಕ ನೀರು ತುಂಬ್ಸಿ ಅಲ್ಲಿ ಸೊನ್ನೆ ಅಂತ ಗೆರೆ ಎಳಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಇಟ್ಟು ಮಿಲಿಮೀಟರ್ ಗುರ್ತು ಮಾಡು. ಕತ್ತರಿಸೋದು ನೀನೇ ಮಾಡು, ಮಕ್ಳ ಕೈಗೆ ಬ್ಲೇಡ್ ಕೊಡ್ಬೇಡ. ಸೂರಿನ ಕೆಳಗೆ, ಮರದ ಕೆಳಗೆ ಇಡ್ಬೇಡ. ಇವ್ನು ಮೊದ್ಲು ಗೋಡೆ ಪಕ್ಕ ಇಟ್ಟು, ಚಾವಣಿ ನೀರೂ ಸೇರ್ಕೊಂಡು, ಬೀದಿಗೆಲ್ಲ ಮುಕ್ಕಾಲು ಇಂಚು ಬಿದ್ರೆ ನಮ್ಮನೆಗೆ ಮಾತ್ರ ಎರಡೂವರೆ ಇಂಚು! ಆಮೇಲೆ ಹುಲ್ಲಿನ ಮಧ್ಯಕ್ಕೆ ತಂದಿಟ್ಟ. ಅಲ್ಲಿ ಇನ್ನೊಂದು ಕತೆ. ಒಂದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂಗಿದೆ, ರಾತ್ರಿಯಿಡೀ ನಕ್ಷತ್ರ, ಬಾಟ್ಲಿಲಿ ಕಾಲು ಇಂಚು ನೀರು. ಬಾಟ್ಲಿ ಹಿಡ್ಕೊಂಡು ಪೈಜಾಮದಲ್ಲೇ ಒಳಗೆ ಓಡ್ಬಂದ, ಮೋಡ ಇಲ್ದೆ ಮಳೆ ಬಂದಿದೆ ಅಂತ. ಲಾನಿಗೆ ನೀರು ಹಾಯ್ಸೋ ಸ್ಪ್ರಿಂಕ್ಲರ್ ಕಣೇ, ಬೆಳಗಿನ ಜಾವ ತಾನಾಗೇ ಆನ್ ಆಗತ್ತೆ! ಅಳಿಸಿ ಬೇರೆ ಬರಿ ಅಂತ ನಾನಂದೆ, ಇವ್ನು ಅಳಿಸ್ಲಿಲ್ಲ, "ಕಾಲು ಇಂಚು, ಸ್ಪ್ರಿಂಕ್ಲರ್" ಅಂತ ಬರ್ದ. ಬ್ಯಾಡ್ಜ್ ಕೆಲ್ಸ ಎಲ್ಲ ನೋಡಿ ಸಹಿ ಹಾಕೋ ಸ್ಕೌಟ್ಸ್ ಕೌನ್ಸಿಲರ್ ಒಬ್ರು ವಯಸ್ಸಾದೋರು, ಉಳಿದ ಪುಟ ಎಲ್ಲ ಸುಮ್ನೆ ತಿರುವಿ ಹಾಕಿದ್ರು, ಆ ಸಾಲು ಬಂದಾಗ ಕನ್ನಡಕ ತೆಗ್ದು ನಕ್ಕು, ನೀನು ನಿಜವಾಗ್ಲೂ ದಿನಾ ಹೋಗಿ ನೋಡಿದೀಯ ಅಂದು ಸಹಿ ಹಾಕಿದ್ರು.

ನಿಮ್ಮಲ್ಲಿ ಇನ್ನೊಂದು ಅನುಕೂಲ ಇದೆ. ನಮ್ಮ ಹವಾಮಾನ ಇಲಾಖೆಯವ್ರು ಬೆಳಿಗ್ಗೆ 8.30ಕ್ಕೆ ಮಳೆ ಅಳೀತಾರೆ, ಹಿಂದಿನ 24 ಗಂಟೆದು. ಮಕ್ಳೂ ಅದೇ ಟೈಮಿಗೆ ನೋಡಿದ್ರೆ ಪೇಪರಲ್ಲಿ ಬರೋ ಅಂಕಿ ಜೊತೆ ಹೋಲಿಸ್ಬಹುದು. ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರದವ್ರು ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದಾರೆ, ಪಂಚಾಯ್ತಿಯಿಂದ ಪಂಚಾಯ್ತಿಗೆ ಎಷ್ಟು ವ್ಯತ್ಯಾಸ ಅಂತ ನೋಡಿದ್ರೆ ಮಕ್ಳಿಗೆ ಆಶ್ಚರ್ಯ ಆಗತ್ತೆ. ಮತ್ತೆ ಬಾಟ್ಲಿ ಮೇಲೆ 64.5 ಮಿಲಿಮೀಟರಿಗೆ ಒಂದು ಗೆರೆ ಹಾಕ್ಸು, ಅಲ್ಲಿಂದ ಇಲಾಖೆ ಲೆಕ್ಕದಲ್ಲಿ ಭಾರೀ ಮಳೆ. 115.6ಕ್ಕೆ ಇನ್ನೊಂದು, ಅದು ಅತಿ ಭಾರೀ. 204.5ಕ್ಕೆ ಮೂರನೇದು ಹಾಕೋಕೆ ಹೋದ್ರೆ ಬಾಟ್ಲಿನೇ ಸಾಲಲ್ಲ, ಆಗುಂಬೆ ಕಡೆ ಜುಲೈಲಿ ಅಷ್ಟು ಬಿದ್ದ ದಿನಗಳಿವೆ ಅಂತ ಹೇಳು, ಬಾಯಿ ಬಿಡ್ತಾರೆ. ರೆಡ್ ಅಲರ್ಟ್ ಅಂದ್ರೆ ಸ್ಕೂಲಿಗೆ ರಜೆ ಅಂತಷ್ಟೇ ಗೊತ್ತಿರೋ ಮಕ್ಳು ತಾನೆ.

ಮೋಡದ ಹೆಸ್ರಿಗೆ ಬರೋಣ. ನಿಮ್ಮ ಸ್ಕೂಲ್ ಪುಸ್ತಕದಲ್ಲಿ ಪದರ ಮೋಡ, ರಾಶಿ ಮೋಡ, ಹಿಮಕಣ ಮೋಡ ಅಂತ ಇರತ್ತೆ, ಅವು ಚೆನಾಗೇ ಇವೆ, ಇಂಗ್ಲಿಷಿಗಿಂತ ಸುಲಭ. ಆ ಲ್ಯಾಟಿನ್ ಹೆಸ್ರು ಇಟ್ಟಿದ್ದು ಲ್ಯೂಕ್ ಹೋವರ್ಡ್ ಅಂತ, ಲಂಡನ್ನಲ್ಲಿ ಔಷಧಿ ತಯಾರಿಸೋನು, 1802ರಲ್ಲಿ. ಕ್ಯುಮ್ಯುಲಸ್ ಅಂದ್ರೂ ರಾಶಿನೇ, ಸ್ಟ್ರೇಟಸ್ ಅಂದ್ರೂ ಪದರನೇ, ಸಿರಸ್ ಅಂದ್ರೆ ಗುಂಗುರು ಕೂದ್ಲು. ಅಂದ್ರೆ ಅವ್ನೂ ನೋಡಿದ್ದನ್ನೇ ಹೆಸರಾಗಿ ಇಟ್ಟಿದ್ದು. ಅದಕ್ಕೇ ಮೊದಲ ವಾರ ಮಕ್ಳೇ ಹೆಸ್ರು ಇಡ್ಲಿ ಬಿಡು. ಇಲ್ಲಿ ಕನ್ನಡ ಕ್ಲಾಸಿನ ಚಿಕ್ಕ ಮಕ್ಳಿಗೆ ನಾನು ಹಂಗೇ ಮಾಡ್ಸಿದ್ದು, ಒಬ್ಳು ಮಂಡಕ್ಕಿ ಅಂದ್ಲು, ಒಬ್ಬ ಬಾಂಬೆ ಮಿಠಾಯಿ ಎಳೆ ಅಂದ, ಇಡೀ ಆಕಾಶ ಮುಚ್ಚಿದ್ದಕ್ಕೆ ಇನ್ನೊಬ್ಬ ಕಂಬ್ಳಿ ಅಂದ. ಆಮೇಲೆ ಪುಸ್ತಕದ ಹೆಸ್ರು ಹೇಳಿದ್ರೆ ತಾನಾಗೇ ಅಂಟ್ಕೊಳತ್ತೆ.

ಎತ್ತರ ಗೊತ್ತಾಗೋಕೆ ಕೈ ಬೆರಳೇ ಸಾಕು, ಮಂಡಕ್ಕಿ ತರ ಚೂರುಚೂರಾಗಿ ಹರಡಿರೋ ಮೋಡಕ್ಕೆ. ಕೈ ಪೂರ್ತಿ ಚಾಚಿ ಕಿರುಬೆರಳು ಎತ್ತಿ ಹಿಡಿ, ಒಂದೊಂದು ಚೂರು ಕಿರುಬೆರಳ ಹಿಂದೆ ಅಡಗಿದ್ರೆ ತುಂಬಾ ಮೇಲಿನ ಮೋಡ. ಮೂರು ಬೆರಳಿನ ಅಗಲದ ಒಳಗಿದ್ರೆ ನಡುವಿಂದು, ಅದಕ್ಕಿಂತ ದೊಡ್ಡದಿದ್ರೆ ಕೆಳಗಿಂದು. ತಲೆ ಮೇಲಿನ ಕಡೆ ಇರೋ ಮೋಡಕ್ಕೆ ಮಾತ್ರ ಈ ಲೆಕ್ಕ, ದೂರದಲ್ಲಿ ಗುಡ್ಡದ ಅಂಚಲ್ಲಿ ಇರೋದಕ್ಕಲ್ಲ. ಸೂರ್ಯನ ಕಡೆ ನೋಡ್ಬಾರ್ದು ಅಂತ ಮೊದ್ಲೇ ಹೇಳು. ನನ್ಮಗ ಈಗ್ಲೂ ಪಾರ್ಕಿಂಗ್ ಲಾಟಲ್ಲಿ ಕೈ ಎತ್ತಿ ಬೆರಳು ಹಿಡೀತಾನೆ, ಜನ ನೋಡ್ತಾರೆ.

ಆದ್ರೆ ಒಂದು ಮಾತು, ನೀನು ಜೂನಲ್ಲಿ ಮೋಡದ ಜಾತಿ ಮಾಡ್ಸಕ್ಕೆ ಹೋಗ್ಬೇಡ. ಮಲೆನಾಡಲ್ಲಿ ಜೂನ್ ಜುಲೈ ಆಕಾಶ ಅಂದ್ರೆ ಒಂದೇ ಬೂದಿ ಬಣ್ಣದ ಕಂಬ್ಳಿ, ಮಕ್ಳು ಇಡೀ ತಿಂಗ್ಳು ಅದೇ ಪೆನ್ಸಿಲ್ ಉಜ್ಜಿ ಉಜ್ಜಿ ಬೇಜಾರಾಗ್ತಾರೆ. ಆಗ ಮಳೆ ಅಳೆಯೋದು ಮಾಡ್ಸು. ಮೋಡ ಸೆಪ್ಟೆಂಬರ್ ಅಕ್ಟೋಬರಿಗೆ ಇಟ್ಕೋ, ಆಗ ಮಧ್ಯಾಹ್ನದ ಮೇಲೆ ರಾಶಿ ಮೋಡ ಎದ್ದು ಸಂಜೆಗೆ ಗುಡುಗೋದು ಕಣ್ಣೆದುರೇ ಕಾಣತ್ತೆ. ಆ ಗುಡುಗು ಮೋಡ ಮೇಲೇರಿ ಏರಿ ಒಂದ್ಕಡೆ ನಿಂತು ಚಪ್ಪಟೆಯಾಗಿ ಚಾಚ್ಕೊಳತ್ತಲ್ಲ, ಅದು ಯಾಕೆ ಅಂತ ಕೇಳೇ ಕೇಳ್ತಾರೆ. ಅಲ್ಲಿಂದ ಮೇಲೆ ಗಾಳಿ ತಣ್ಣಗಾಗೋದು ನಿಂತ್ಹೋಗತ್ತೆ, ಅದಕ್ಕೇ ಮೋಡಕ್ಕೆ ಮುಂದೆ ಏರಕ್ಕಾಗಲ್ಲ, ಅಡುಗೆಮನೆ ಹೊಗೆ ಅಟ್ಟಕ್ಕೆ ತಾಗಿ ಪಕ್ಕಕ್ಕೆ ಹರಡ್ದಂಗೆ ಅನ್ನು.

ಮಳೆ ದಿನ ಒಳಗೇ ಕೂತು ಮಾಡೋಕೆ ಬಾಟ್ಲಿಲಿ ಮೋಡ. ತೆಳು ಪ್ಲಾಸ್ಟಿಕ್ ಬಾಟ್ಲಿಗೆ ಸ್ವಲ್ಪ ಬೆಚ್ಚಗಿನ ನೀರು ಹಾಕಿ ಕುಲುಕಿ, ಮುಚ್ಚಳ ಬಿಗಿ ಮಾಡಿ ಗಟ್ಟಿಯಾಗಿ ಒತ್ತಿ ಬಿಡು, ಏನೂ ಕಾಣಲ್ಲ. ಆಮೇಲೆ ಊದುಬತ್ತಿ ಹಚ್ಚಿ ಬಾಯಿ ಹತ್ರ ಹಿಡಿ, ಬಾಟ್ಲಿ ಒತ್ತಿ ಬಿಟ್ರೆ ಹೊಗೆನ ಒಳಗೆ ಎಳ್ಕೊಳತ್ತೆ, ಮತ್ತೆ ಮುಚ್ಚಳ ಹಾಕಿ ಒತ್ತು, ಬಿಡು. ಬಿಟ್ಟ ತಕ್ಷಣ ಒಳಗೆಲ್ಲ ಬೆಳ್ಳಗೆ, ಒತ್ತಿದ್ರೆ ಮಾಯ. ಬಿಟ್ಟಾಗ ಗಾಳಿ ಹಿಗ್ಗಿ ತಣ್ಣಗಾಗತ್ತೆ, ಆವಿಗೆ ಕೂರೋಕೆ ಹೊಗೆಯ ಕಣ ಬೇಕು, ಆಕಾಶದಲ್ಲಿ ಧೂಳು, ಸಮುದ್ರದ ಉಪ್ಪು ಅದೇ ಕೆಲ್ಸ ಮಾಡ್ತವೆ. ನಾನೇ ಇದನ್ನ ನಲವತ್ತು ವರ್ಷಕ್ಕೆ ಕಲ್ತಿದ್ದು ಕಣೇ. ಮೋಡ ನೀರಾದ್ರೆ ಕೆಳಗೆ ಯಾಕೆ ಬೀಳಲ್ಲ ಅಂತ ಒಬ್ಬ ಕೇಳಿದ, ಆ ಹನಿ ಎಷ್ಟು ಚಿಕ್ಕದು ಅಂದ್ರೆ ಸುಮಾರು ಹತ್ತು ಲಕ್ಷ ಸೇರಿದ್ರೆ ಒಂದು ಮಳೆ ಹನಿ, ಅಷ್ಟು ಚಿಕ್ಕದನ್ನ ಮೇಲೇರೋ ಗಾಳಿನೇ ಎತ್ಕೊಂಡಿರತ್ತೆ. ನಿಮ್ಮ ಮಕ್ಳಿಗಂತೂ ಬಾಬಾಬುಡನ್‌ಗಿರಿಗೆ ಹೋಗಿದ್ದು ನೆನಪು ಮಾಡ್ಸು, ಅಲ್ಲಿ ಮುಖಕ್ಕೆ ತಾಗಿದ ಮಂಜು ಅಂದ್ರೆ ಮೋಡನೇ, ಅದರೊಳಗೇ ನಡ್ದಿದಾರೆ.

ಸಿಡ್ಲಿನ ವಿಷ್ಯ ಮಾತ್ರ ಆಟ ಮಾಡ್ಬೇಡ. ಮಿಂಚಿಂದ ಗುಡುಗಿನವರೆಗೆ ಎಷ್ಟು ಸೆಕೆಂಡ್ ಅಂತ ಎಣಿಸಿ ಮೂರರಿಂದ ಭಾಗಿಸಿದ್ರೆ ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗತ್ತೆ, ಆದ್ರೆ ಎಣಿಸೋದು ಮನೆ ಒಳಗಿಂದ. ಗುಡುಗು ಕೇಳಿಸ್ತು ಅಂದ್ರೆ ಒಳಗೆ, ಕೊನೇ ಗುಡುಗು ಆಗಿ ಅರ್ಧ ಗಂಟೆ ತನಕ ಹೊರಗಿಲ್ಲ, ಮರದಡಿ ನಿಲ್ಲೋದಂತೂ ಇಲ್ವೇ ಇಲ್ಲ. ಇಲ್ಲಿ ಸುಂಟರಗಾಳಿ ಕಾಟ ಬೇರೆ, ವಾಚ್ ಅಂದ್ರೆ ಬರಬಹುದು, ವಾರ್ನಿಂಗ್ ಅಂದ್ರೆ ಈಗ್ಲೇ ಕಿಟಕಿ ಇಲ್ದಿರೋ ಕೋಣೆಗೆ ಓಡು. ಇವ್ನು ಬ್ಯಾಡ್ಜಿಗೆ ಐದು ನಿಮಿಷ ಭಾಷಣ ಮಾಡ್ಬೇಕಿತ್ತು, ಅದನ್ನೇ ಮಾಡ್ದ, ಮಾರನೇ ವಾರ ಸೈರನ್ ಕೂಗಿದಾಗ ಮೊದ್ಲು ಬಾತ್ರೂಮಲ್ಲಿ ಕೂತಿದ್ದೂ ಅವ್ನೇ, ನನ್ನ ಬೈದು ಕರ್ದಿದ್ದೂ ಅವ್ನೇ, ನಾನು ಒಗ್ಗರಣೆ ಹಾಕ್ತಿದ್ದೆ.

ಹಾಂ, ಮರ್ತೆ. ಇವ್ನು ಇಂಚಲ್ಲಿ ಬರೀತಾನೆ ಅಂತ ನಾನು ನಗ್ತಿದ್ದೆ, ನೋಡಿದ್ರೆ ನಮ್ಮ ಕೊಪ್ಪದ ಕಡೆ ತೋಟದವ್ರೂ ಇಂಚೇ ಅಲ್ವನೇ, ಒಂದು ಇಂಚು ಇಪ್ಪತ್ತು ಸೆಂಟ್ ಅಂತ, ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಅಪ್ಪನ ಗೋಡೆ ಕ್ಯಾಲೆಂಡರಿನ ಫೋಟೋ ತೋರ್ಸಿದ್ದೆ ಇವ್ನಿಗೆ, ಪ್ರತಿ ಚೌಕದಲ್ಲೂ ಅಂಕಿ, ಕಾಫಿ ಹೂ ಅರಳ್ಸೋ ಹೂಮಳೆ ಬಂದ ದಿನಕ್ಕೆ ಕೆಂಪು ಸುತ್ತು, ಹಾಲಿನ ಲೆಕ್ಕನೂ ಅಲ್ಲೇ. ಅಜ್ಜಂಗೆ ಯಾವ ಬ್ಯಾಡ್ಜ್ ಕೊಟ್ರು ಅಂತ ಕೇಳ್ದ.

ಅಪ್ಪಾ, ಇಲ್ಲಿವರೆಗೆ ಓದಿದ್ರೆ ಜೂನ್ ತಿಂಗಳ ಪೇಜಿನ ಫೋಟೋ ಗ್ರೂಪಿಗೆ ಹಾಕಿ, ರೂಪನ ಮಕ್ಳು ಶಿವಮೊಗ್ಗದ ಮಳೆ ಜೊತೆ ಹೋಲಿಸ್ಲಿ. ಸ್ವಲ್ಪ ದೂರದಿಂದ ತೆಗೀರಿ, ಹೋದ್ಸಲ ಬರೀ ಹೆಬ್ಬೆರಳು ಬಂದಿತ್ತು.