ಬೀದಿ ನಾಯಿಮರಿಯನ್ನು ದತ್ತು ಕೊಡಲು ಇಷ್ಟೊಂದು ವಿಚಾರಣೆ ಬೇಕೇ?

ವಿದ್ಯಾನಗರದ ಗೃಹಿಣಿ:
ದಾವಣಗೆರೆಯ ವಿದ್ಯಾನಗರದಲ್ಲಿ ಮಹಡಿಯ ಬಾಡಿಗೆ ಮನೆ ನಮ್ಮದು. ಮಗಳ ಹಟಕ್ಕೆ ಸೋತು ಪ್ರಾಣಿಗಳ ಆಶ್ರಯಧಾಮಕ್ಕೆ ಹೋಗಿದ್ದೆವು. ಕಂದು ಬಣ್ಣದ ಮರಿಯೊಂದು ಅವಳ ಚಪ್ಪಲಿಯ ಪಟ್ಟಿ ಕಚ್ಚಿಕೊಂಡು ಬಿಡಲೇ ಇಲ್ಲ. ಸರಿ, ಇದನ್ನೇ ಕೊಡಿ ಎಂದರೆ, ಮನೆ ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಹಿಂದೆ ಮನೆಯಲ್ಲಿ ಮರಿ ಸತ್ತಿದೆಯೇ ಎಂದೆಲ್ಲ ಕೇಳಿದರು. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ!

ದುರ್ಗದವನು:
ನಮ್ಮ ಬೀದಿಯಲ್ಲಿ ನಾಲ್ಕು ಮರಿಗಳಿವೆ. ಪತ್ರವೂ ಬೇಡ, ಪ್ರಶ್ನೆಯೂ ಬೇಡ. ಬುಟ್ಟಿ ತನ್ನಿ.

ಭಾನುವಾರದ ಬೋನು ತೊಳೆಯುವವನು:
ಅಕ್ಕ, ಹೆಣ್ಣಾದರೆ ತವರಿಗೆ ಫೋನ್ ಮಾಡಿ ಕಷ್ಟ ಹೇಳಿಕೊಳ್ಳುತ್ತಾಳೆ. ಮರಿ ಯಾರಿಗೆ ಹೇಳಬೇಕು? ನಾನೂ ಅಂಥದ್ದೇ ಒಂದು ಧಾಮದಲ್ಲಿ ಭಾನುವಾರ ಕೆಲಸ ಮಾಡುತ್ತೇನೆ. ಮಾಲೀಕರು ಒಪ್ಪಲಿಲ್ಲವೆಂದು ಹದಿನೈದೇ ದಿನಕ್ಕೆ ವಾಪಸು ಬಂದ ಹೆಣ್ಣು ನಾಯಿಯೊಂದು ನಮ್ಮಲ್ಲಿದೆ. ಸ್ಕೂಟರ್ ಸದ್ದು ಕೇಳಿದರೆ ಅನ್ನದ ತಟ್ಟೆ ಬಿಟ್ಟು ಗೇಟಿಗೆ ಓಡುತ್ತದೆ. ಬಿಟ್ಟು ಹೋದವರು ಬಂದಿದ್ದು ಸ್ಕೂಟರಿನಲ್ಲಿ.

ಸತ್ತ ಮರಿಯ ಪ್ರಶ್ನೆಯಂತೂ ಅಧಿಕಪ್ರಸಂಗವಲ್ಲ. ಪಾರ್ವೊ, ಅಂದರೆ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಾಣು ರೋಗ, ಬಂದು ಸತ್ತಿದ್ದರೆ ಆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ಪೌಡರಿನ ನೀರೇ ಬೇಕು. ಇದರ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೂ ಕೊಡಿಸಬೇಕು. ನಡುವೆ 3 ತಿಂಗಳಿಗೆ ರೇಬಿಸ್ ಲಸಿಕೆ.

ದುರ್ಗದ ಅಣ್ಣ, 8 ವಾರವಾಗದ ಮರಿಯನ್ನು ತಾಯಿಯಿಂದ ಕೀಳಬೇಡಿ. ತಾಯಿಯ ಕಿವಿಯ ತುದಿ ಕತ್ತರಿಸಿದೆಯೇ ನೋಡಿ. ಇಲ್ಲದಿದ್ದರೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿಲ್ಲವೆಂದೇ ತಿಳಿಯಿರಿ. ಬುಟ್ಟಿ ಎಷ್ಟು ಸಲ ತರಿಸುತ್ತೀರಿ?

ವಿದ್ಯಾನಗರದ ಗೃಹಿಣಿ:
ಎರಡು ತಿಂಗಳ ಹಿಂದೆ ಒಂದು ಮರಿ ತಂದಿದ್ದೆವು. ವಾಂತಿ, ರಕ್ತಭೇದಿ. ಮೂರೇ ದಿನಕ್ಕೆ ಹೋಗಿಬಿಟ್ಟಿತು. ಧಾಮದವರು ಕೇಳಿದಾಗ ಮಗಳ ಮುಖ ನೋಡಿ ಇಲ್ಲ ಎಂದುಬಿಟ್ಟೆ. ಬಾಲ್ಕನಿಯನ್ನು ತೊಳೆದದ್ದು ಫಿನಾಯಿಲ್‌ನಲ್ಲೇ. ನಾಳೆ ಬೆಳಿಗ್ಗೆ ಅವರಿಗೆ ನಿಜ ಹೇಳುತ್ತೇನೆ.

ಭಾನುವಾರದ ಬೋನು ತೊಳೆಯುವವನು:
ಹೇಳಿ ಅಕ್ಕ, ಯಾರೂ ಬೈಯುವುದಿಲ್ಲ. ಸದ್ಯಕ್ಕೆ ಮರಿ ಬೇಡ. ಲಸಿಕೆಗಳೆಲ್ಲ ಮುಗಿದ ದೊಡ್ಡ ನಾಯಿಗೆ ಆ ಭಯ ಬಹಳ ಕಡಿಮೆ. ಮಾಲೀಕರನ್ನು ಕೇಳಿಕೊಂಡು, ಮಗಳೊಂದಿಗೆ ಒಂದು ಭಾನುವಾರ ನಮ್ಮಲ್ಲಿಗೆ ಬನ್ನಿ. ಆಟೋದಲ್ಲಿ ಬನ್ನಿ, ಸ್ಕೂಟರ್ ಬೇಡ.