ಟೇಸ್ಟಿಂಗ್ ಮೆನುಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಬರುವ ತಿಂಗಳು ಅಪ್ಪ ಅಮ್ಮನ ಮದುವೆಯಾಗಿ 35 ವರ್ಷ. ಕಾಲಕ್ಕೆ ತಕ್ಕ ಹಾಗೆ ಮೆನು ಬದಲಾಯಿಸಿ, ತಟ್ಟೆಯಲ್ಲಿ ಚಿತ್ರ ಬಿಡಿಸಿದ ಹಾಗೆ ಜೋಡಿಸಿ ಒಂದೊಂದೇ ತಂದಿಡ್ತಾರಲ್ಲ, ಬೆಂಗಳೂರಲ್ಲೇ ಅಂಥ ಕಡೆ ಕರೆದುಕೊಂಡು ಹೋಗೋಣ ಅಂತ ಆಸೆ. ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ. ಅಪ್ಪನಿಗೆ ಶುಗರ್, ರಾತ್ರಿ ಎಂಟಕ್ಕೆಲ್ಲ ಊಟ ಮುಗಿದಿರಬೇಕು. ಹೊಟ್ಟೆ ತುಂಬುತ್ತಾ, ಅಥವಾ ಸುಮ್ನೆ ದುಡ್ಡು ದಂಡನಾ?

ಬಸವನಗುಡಿ ಸೊಸೆ:
ಎರಡು ವರ್ಷದ ಹಿಂದೆ ಅತ್ತೆ ಮಾವನ ಜೊತೆ ಹೋಗಿದ್ದೆವು, ಜಾಗದ ಹೆಸರು ಬೇಡ ಬಿಡಿ. ಅತ್ತೆಯೂ ನಿಮ್ಮ ಅಮ್ಮನ ಹಾಗೆಯೇ. ಬುಕ್ ಮಾಡುವಾಗ ಈರುಳ್ಳಿ ಬೆಳ್ಳುಳ್ಳಿ ಕಥೆಯೆಲ್ಲ ಯಾಕೆ ಅಂತ ‘ಜೈನ್’ ಅಂತ ಬರೆದುಬಿಟ್ಟೆ. ಅಲ್ಲೇ ಎಡವಿದ್ದು. ಜೈನ್ ಅಂದರೆ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ನೆಲದೊಳಗೆ ಬೆಳೆಯುವ ಯಾವುದೂ ಬರಲ್ಲ. ಆವತ್ತಿನ ಮೆನು ನೋಡಿದರೆ ಪೂರ್ತಿ ಚಳಿಗಾಲದ ಗೆಡ್ಡೆಗೆಣಸು! ನಮಗೆಲ್ಲ ಸುಟ್ಟ ಗೆಣಸು, ಸುವರ್ಣಗೆಡ್ಡೆ ಬರ್ತಾ ಇದ್ದರೆ ಅತ್ತೆಗೆ ಮೂರು ಸಲ ಪನೀರ್. ಮೂರನೇ ಸಲ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು, ಒಂದು ಮಾತೂ ಆಡಲಿಲ್ಲ. ಅತ್ತೆ ಮಾತಾಡದಿದ್ದರೆ ಏನರ್ಥ ಅಂತ ಬಿಡಿಸಿ ಹೇಳಬೇಕಾ.

ಅದೇ ಊಟದಲ್ಲಿ ಇನ್ನೊಂದು ಸಲ ಕರಿ ತಟ್ಟೆ ತುಂಬ ಹೊಳೆಕಲ್ಲು ಬಂತು. ಅದರಲ್ಲಿ ಎರಡು ಮಾತ್ರ ತಿನ್ನೋದು, ಬಿಳಿ ಜೇಡಿಮಣ್ಣು ಬಳಿದ ಆಲೂಗಡ್ಡೆ (ಸ್ಪೇನಿನ ಮುಗಾರಿಟ್ಸ್ ರೆಸ್ಟೋರೆಂಟಿನ ಹೆಸರಾಂತ ತಿನಿಸು ಇದು). ಬಡಿಸಿದ ಹುಡುಗ ಪಟಪಟ ಇಂಗ್ಲಿಷಿನಲ್ಲಿ ಹೇಳಿ ಹೋದ. ಮಾವ ಕನ್ನಡಕ ಏರಿಸಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ ನೋಡಿ, ತುಂಬ ಯೋಚಿಸಿ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಕಲ್ಲು. ಹಲ್ಲು ಉಳಿದಿದ್ದೇ ಪುಣ್ಯ, ಈಗಲೂ ಮನೆಗೆ ಬಂದವರಿಗೆಲ್ಲ ಅದೇ ಕಥೆ ಹೇಳಿ ನಗ್ತಾರೆ.

ಹೊಟ್ಟೆ ತುಂಬುತ್ತೆ. ಒಂದೊಂದು ತುತ್ತೇ ಆದರೂ ಹತ್ತು ಸಲ ಬರುತ್ತಲ್ಲ. ಮೊದಲೇ ಬ್ರೆಡ್ಡು ಬೆಣ್ಣೆ ಇಡ್ತಾರೆ, ಹಸಿವು ಅಂತ ಅದನ್ನೇ ಖಾಲಿ ಮಾಡಬೇಡಿ, ನಾವು ಮಾಡಿದ್ದೆವು. ಇಬ್ಬರ ಬಿಲ್ಲಿಗೆ ಒಂದು ಒಳ್ಳೆ ಮೈಸೂರು ಸಿಲ್ಕ್ ಸೀರೆ ಬರುತ್ತೆ ಅಂದುಕೊಳ್ಳಿ. ಮೇಲೆ ಜಿಎಸ್‌ಟಿ, ಪ್ರತ್ಯೇಕ ರೆಸ್ಟೋರೆಂಟಾದರೆ 5%, ದೊಡ್ಡ ಸ್ಟಾರ್ ಹೋಟೆಲಿನೊಳಗಾದರೆ 18%. ಸರ್ವಿಸ್ ಚಾರ್ಜ್ ಹಾಕಿದರೆ ತೆಗೆಯಿರಿ ಅನ್ನಬಹುದು.

ಯಲಹಂಕದವ:
ಬಾಗಲೂರು ಕಡೆ ಫಾರ್ಮ್‌ಲೋರ್ ರೆಸ್ಟೋರೆಂಟ್ ನೋಡಿ. 37 ಎಕರೆ ತೋಟದಲ್ಲಿ 18 ಜನ ಕೂರುವಷ್ಟೇ ಜಾಗ, ಸೌದೆ ಬೆಂಕಿಯ ಅಡುಗೆ. ಹೋದರೆ ಮಧ್ಯಾಹ್ನವೇ ಹೋಗಿ. ಬರುವ ತಟ್ಟೆಗಳು ಕಡಿಮೆ, ಬೆಳಕಲ್ಲಿ ತೋಟವೂ ಕಾಣುತ್ತೆ, ಅಪ್ಪನ ಎಂಟು ಗಂಟೆ ತಾಪತ್ರಯವೂ ಇರಲ್ಲ. ಇಂಥ ಊಟ ಎಲ್ಲೇ ಆದರೂ ಎರಡೂವರೆ ಮೂರು ಗಂಟೆ ಎಳೆಯುತ್ತೆ. ಶುಗರ್ ಮಾತ್ರೆ ಯಾವಾಗ ಅಂತ ಡಾಕ್ಟರನ್ನು ಕೇಳಿಕೊಳ್ಳಿ, ಯಾಕಂದರೆ ಮೊದಲ ತಟ್ಟೆಯಲ್ಲಿ ಇರೋದು ಒಂದು ಚಮಚದಷ್ಟು.

ಒಸಾಕಾದಿಂದ:
ಬರೀ ‘ವೆಜ್’ ಅಂತ ಬರೆದರೂ ಸಾಲದು, ಸ್ಟಾಕ್ (ಅಡುಗೆಗೆ ಹಾಕುವ ಬೇಯಿಸಿದ ಸಾರು) ಮತ್ತು ಸಾಸ್ ಬಗ್ಗೆ ಕೇಳಿ. ಇಲ್ಲಿ ಜಪಾನಿನ ಕ್ಯೋಟೋದಲ್ಲಿ ಕೈಸೆಕಿ ಊಟಕ್ಕೆ ಹೋಗಿದ್ದೆ, ಅದೂ ಹೀಗೇ ಒಂದೊಂದೇ ತಟ್ಟೆ ಬರುವ ಊಟ. ಶರತ್ಕಾಲ, ತಟ್ಟೆ ಮೇಲೆ ಕೆಂಪು ಮೇಪಲ್ ಎಲೆ, ಕಣ್ಣಿಗೆ ಹಬ್ಬ. ಆದರೆ ತರಕಾರಿ ಬೇಯಿಸಿದ್ದೇ ಒಣಮೀನಿನ ಸಾರಿನಲ್ಲಿ. ಸಸ್ಯಾಹಾರಿಗಳಿಗೆ ಅಲ್ಲಿ ಬೌದ್ಧ ದೇವಸ್ಥಾನದ ಶೋಜಿನ್ ಊಟವೇ ಸರಿ. ಕ್ಯೋಟೋದ ತೆನ್ರ್ಯೂಜಿ ದೇವಸ್ಥಾನದಲ್ಲಿ ಹೊರಗಿನವರಿಗೂ ಕೊಡ್ತಾರೆ. ಅಮ್ಮನಿಗೆ ಹೇಳಿ, ಶೋಜಿನ್ ಅಡುಗೆಯಲ್ಲೂ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ.

ಉಡುಪಿ ಮೂಲದವರು:
ಅಮ್ಮನಿಗೆ ಟೇಸ್ಟಿಂಗ್ ಮೆನು ಅಂತ ಹೇಳಬೇಡಿ, ಚಾತುರ್ಮಾಸ್ಯ ನೆನಪಿಸಿ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆಕಾಳಿಲ್ಲ. ನಮ್ಮಜ್ಜಿ ತೊಗರಿಬೇಳೆ ಇಲ್ಲದೆ ಕರಿಮೆಣಸು, ಜೀರಿಗೆಯಲ್ಲಿ ಮಾಡ್ತಿದ್ದ ಸಾರು ಯಾವ ಶೆಫ್‌ಗೂ ಕಡಿಮೆ ಇರಲಿಲ್ಲ. ಕಾಲ ನೋಡಿ ಅಡುಗೆ ಮಾಡೋದು ಅವರಿಗೆ ನಮಗಿಂತ ಜಾಸ್ತಿ ಗೊತ್ತು. ಹುಡುಗರು ಬಂದು ವಿವರಿಸುವಾಗ ನೀವು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಇರಿ, ಅಷ್ಟೇ.

ಕೇಳಿದವನೇ:
ಎಲ್ಲರಿಗೂ ಥ್ಯಾಂಕ್ಸ್, ಭಾನುವಾರ ಮಧ್ಯಾಹ್ನಕ್ಕೆ ಬುಕ್ ಮಾಡಿದೆ. ‘ಜೈನ್’ ಅಂತ ಬರೆಯಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮೀನಿನ ಸಾಸ್, ಮೊಟ್ಟೆ ಬೇಡ, ಗೆಡ್ಡೆಗೆಣಸು ಆಗುತ್ತೆ ಅಂತ ಪೂರ್ತಿ ಬರೆದೆ. ಅರ್ಧ ಗಂಟೆಗೆ ಅಡುಗೆಮನೆಯಿಂದಲೇ ಫೋನ್ ಬಂತು, ಇಂಗು ಹಾಕಬಹುದಾ ಸಾರ್ ಅಂತ. ಸ್ಪೀಕರ್‌ನಲ್ಲಿತ್ತು. ನಾನು ಬಾಯಿ ತೆರೆಯೋ ಮೊದಲೇ ಅಮ್ಮ ಒಳಗಿಂದ ಕೂಗಿದರು: “ಹಾಕಿ, ಆದ್ರೆ ತುಪ್ಪದಲ್ಲಿ!”