ಅಪ್‌ಡೇಟ್: ಅಂಗಡಿ ಇಂಟೀರಿಯರ್ ಜಗಳ, ಆರ್ಬಿಟ್ರೇಷನ್ ತೀರ್ಪು ಬಂತು

ಬೆಂಗಳೂರಿನ ನನ್ನ ಅಂಗಡಿಯ ಇಂಟೀರಿಯರ್ ಕೆಲಸ ಅರ್ಧಕ್ಕೆ ಬಿಟ್ಟ ಕಂಟ್ರಾಕ್ಟರ್ ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ಅಗ್ರಿಮೆಂಟ್ ನೋಡಿದರೆ ಆರ್ಬಿಟ್ರೇಟರನ್ನು (ಕೋರ್ಟಿನ ಹೊರಗೆ ಜಗಳ ಕೇಳಿ ತೀರ್ಪು ಕೊಡುವವರು) ಅವನೇ ನೇಮಿಸಬಹುದು ಅಂತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಆ ಷರತ್ತು ನಡೆಯಲ್ಲ ಅಂದವರ ಮಾತೇ ಸರಿ. ಜಗಳದಲ್ಲಿರುವ ಒಬ್ಬರೇ ಏಕೈಕ ಆರ್ಬಿಟ್ರೇಟರನ್ನು ಆರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಪರ್ಕಿನ್ಸ್ ಈಸ್ಟ್‌ಮನ್ ಕೇಸಿನಲ್ಲಿ ಹೇಳಿದೆ. ಲಾಯರ್ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 21ರ ನೋಟಿಸ್ (ಆರ್ಬಿಟ್ರೇಷನ್ ಶುರು ಮಾಡೋಣ ಅಂತ) ಕೊಟ್ಟರು. 30 ದಿನ ಕಳೆದರೂ ಆಸಾಮಿ ಉಸಿರೆತ್ತಲಿಲ್ಲ. ಆರ್ಬಿಟ್ರೇಟರನ್ನು ನೇಮಿಸಿ ಅಂತ ಅದೇ ಕಾಯ್ದೆಯ ಸೆಕ್ಷನ್ 11ರಡಿ ಹೈಕೋರ್ಟಿಗೆ ಹೋದೆವು, ಅಲ್ಲಿ ಒಬ್ಬ ನಿವೃತ್ತ ಜಿಲ್ಲಾ ನ್ಯಾಯಾಧೀಶರನ್ನು ನೇಮಿಸಿದರು.

ಆರ್ಬಿಟ್ರೇಟರ್ ಫೀಸ್ ವಿಷಯ ಮೊದಲೇ ಗೊತ್ತಿರಲಿ. ಇಬ್ಬರೂ ಸಮವಾಗಿ ಕಟ್ಟಬೇಕು, ಆದರೆ ಅವನು ಕಟ್ಟಲಿಲ್ಲ, ಕೇಸ್ ನಿಲ್ಲಬಾರದು ಅಂತ ಅವನ ಪಾಲನ್ನೂ ನಾನೇ ಹಾಕಿದೆ (ಹೊಟ್ಟೆ ಉರೀತು, ಆಮೇಲೆ ಅದನ್ನೂ ತೀರ್ಪಿನಲ್ಲಿ ಸೇರಿಸಿದರು). ಸಾಕ್ಷಿಯಾಗಿ ಜಾಸ್ತಿ ಕೆಲಸಕ್ಕೆ ಬಂದಿದ್ದು ವಾಟ್ಸಾಪ್ ಮೆಸೇಜು, ಬ್ಯಾಂಕ್ ಸ್ಟೇಟ್‌ಮೆಂಟು.

ತೀರ್ಪು ನನ್ನ ಕಡೆಗೇ ಆಯಿತು, ಬಡ್ಡಿ ಸಮೇತ. ದುಡ್ಡು ಮಾತ್ರ ಇನ್ನೂ ಕೈಗೆ ಬಂದಿಲ್ಲ. ತೀರ್ಪನ್ನು ಸೆಕ್ಷನ್ 34ರಡಿ ಕೋರ್ಟಿನಲ್ಲಿ ಪ್ರಶ್ನಿಸಲು ಅವನಿಗೆ 3 ತಿಂಗಳಿದೆ, ಕಾರಣ ತೋರಿಸಿದರೆ ಇನ್ನೂ 30 ದಿನ. ಅದು ಮುಗಿದ ಮೇಲೆ ಈ ತೀರ್ಪನ್ನು ಕೋರ್ಟಿನ ಡಿಕ್ರಿಯಂತೆಯೇ (ಕೋರ್ಟೇ ಕೊಟ್ಟ ತೀರ್ಪಿನ ಹಾಗೆ) ಜಾರಿಗೆ ಹಾಕಬಹುದು. ಲಾಯರ್ ಅರ್ಜಿ ರೆಡಿ ಮಾಡ್ತಿದ್ದಾರೆ.